ಚಿತ್ರೀಕರಣ ನಿಂತ ದಿನಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಸ್ವತಂತ್ರವಾಗಿ ಚಲನಚಿತ್ರ ನಿರ್ದೇಶಿಸಬೇಕೆಂದು ಹೊರಟ ತರುಣರು ನನ್ನನ್ನು ಮೊದಲು ಕೇಳುವುದು ಹಣದ ಬಗ್ಗೆ, ಆಮೇಲೆ ಕ್ಯಾಮೆರಾದ ಬಗ್ಗೆ. ಹಣ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲಿಯೂ ಇದೆ. ಆದರೆ ನಿರ್ದೇಶಕನನ್ನು ಸೋಲಿಸುವುದು ಚಿತ್ರೀಕರಣ ನಿಂತುಹೋದ ದಿನಗಳು. ನಿಂತ ಚಿತ್ರವನ್ನು ಮನಸ್ಸಿನಲ್ಲಿ ಕೆಡದಂತೆ ಕಾಪಾಡಿಕೊಳ್ಳುವುದೇ ಅವನ ಮೊದಲ ಕೆಲಸ.

ಬಂಗಾಳದ ನಿರ್ದೇಶಕ ಸತ್ಯಜಿತ್ ರಾಯ್ ಅವರು ತಮ್ಮ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ಯನ್ನು ಆರಂಭಿಸಿದ್ದು 1952ರ ಅಕ್ಟೋಬರ್‌ನಲ್ಲಿ, ಜಾಹೀರಾತು ಸಂಸ್ಥೆಯೊಂದರ ಉದ್ಯೋಗವನ್ನು ಬಿಡದೆ, ರಜೆಯ ದಿನಗಳಲ್ಲಿ. ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಅದುವರೆಗೆ ಅವರು ಚಲನಚಿತ್ರದ ಕ್ಯಾಮೆರಾ ನಡೆಸಿದವರೇ ಅಲ್ಲ. ಬಿಳಿಯ ಕಾಶ ಹೂಗಳ ಬಯಲಿನಲ್ಲಿ ಅಕ್ಕ ತಮ್ಮಂದಿರು ನಡೆಯುವ ದೃಶ್ಯದ ಅರ್ಧವನ್ನು ಮೊದಲ ದಿನ ತೆಗೆದು, ಉಳಿದುದನ್ನು ಮುಂದಿನ ವಾರ ತೆಗೆಯೋಣವೆಂದು ಮರಳಿ ಹೋದರೆ, ಅಲ್ಲಿ ಹೂವೇ ಇರಲಿಲ್ಲ! ದನಗಳು ಮೇದುಬಿಟ್ಟಿದ್ದವು. ದೃಶ್ಯದ ಉಳಿದ ಭಾಗಕ್ಕಾಗಿ ಮರುವರ್ಷ ಹೂ ಅರಳುವವರೆಗೆ ಕಾಯಬೇಕಾಯಿತು. ನಡುವೆ ಹಣ ಮುಗಿಯಿತು. ರಾಯ್ ಅವರ ಮಡದಿಯ ಒಡವೆಗಳು ಗಿರವಿಗೆ ಹೋದವು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಚಿತ್ರ ಪೂರ್ಣಗೊಂಡು 1955ರಲ್ಲಿ ಬಿಡುಗಡೆಯಾಯಿತು. ಚಿತ್ರೀಕರಣ ಮುಗಿಯುವವರೆಗೆ ಹುಡುಗನ ದನಿ ಒಡೆಯಲಿಲ್ಲ, ಹುಡುಗಿ ಬೆಳೆದು ದೊಡ್ಡವಳಾಗಲಿಲ್ಲ, ಮುದುಕಿಯ ಪಾತ್ರ ಮಾಡಿದ, ಎಂಬತ್ತರ ಅಂಚಿನಲ್ಲಿದ್ದ ನಟಿ ಚುನಿಬಾಲಾ ದೇವಿ ತೀರಿಕೊಳ್ಳಲಿಲ್ಲ. ಇವುಗಳನ್ನು ರಾಯ್ ಅವರೇ ಪವಾಡಗಳೆಂದು ಕರೆದರು.

ಈ ಕಥೆಯನ್ನು ಹೇಳಿದಾಗಲೆಲ್ಲ ಜನ ಒಡವೆಯನ್ನು ನೆನಪಿಟ್ಟುಕೊಂಡು ನಿಟ್ಟುಸಿರು ಬಿಡುತ್ತಾರೆ. ನನಗೆ ಮುಖ್ಯವಾದುದು ರಾಯ್ ಅವರು ದೃಶ್ಯಗಳನ್ನು ಬರೆದಿಟ್ಟ ಚಿತ್ರಪುಸ್ತಕ. ರಾಯ್ ಅವರ ಬಳಿ ಪೂರ್ಣ ಚಿತ್ರಕಥೆಯ ಪ್ರತಿ ಇರಲಿಲ್ಲ. ರೇಖಾಚಿತ್ರಗಳೂ ಟಿಪ್ಪಣಿಗಳೂ ಇದ್ದವು. ವರ್ಷದ ನಂತರ ಅದೇ ಬಯಲಿಗೆ ಬಂದು ನಿಂತಾಗ, ಮೊದಲರ್ಧದಲ್ಲಿ ಮಕ್ಕಳ ನಡಿಗೆಯ ವೇಗ ಎಷ್ಟಿತ್ತು, ಮೌನ ಎಲ್ಲಿತ್ತು ಎಂಬುದು ನಿರ್ದೇಶಕನಿಗೆ ತಿಳಿದಿರಬೇಕು. ಕ್ಯಾಮೆರಾ ಅದನ್ನು ಹೇಳಿಕೊಡುವುದಿಲ್ಲ. ಆದ್ದರಿಂದ ಮತ್ತೆ ಹೇಳುತ್ತೇನೆ: ನಿಂತ ಚಿತ್ರವನ್ನು ಮನಸ್ಸಿನಲ್ಲಿ ಕೆಡದಂತೆ ಕಾಪಾಡಿಕೊಳ್ಳಿ. ಒಂದು ದೃಶ್ಯ ನಿಮಗೆ ಏಕೆ ಬೇಕಾಗಿತ್ತು ಎಂಬುದನ್ನು ಅಂದೇ ಬರೆದಿಡಿ. ಚೆನ್ನಾಗಿ ನೆನಪಿದೆ ಎನ್ನುವವರು ಮೂರು ತಿಂಗಳಲ್ಲಿ ಮರೆಯುತ್ತಾರೆ, ನಾನೂ ಮರೆತಿದ್ದೇನೆ.

ಮಾತು ರಾಯ್ ಅವರಲ್ಲಿಯೇ ಉಳಿದುಬಿಟ್ಟಿತು, ಸಮಯ ಕಡಿಮೆಯಿದೆ. ಕಲಾವಿದರ ವಿಷಯವನ್ನು ಒಂದೇ ಮಾತಿನಲ್ಲಿ ಹೇಳುವೆ. ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ಅವರ ‘ಇರೇಸರ್‌ಹೆಡ್’ ಚಿತ್ರ 1977ರಲ್ಲಿ ತೆರೆ ಕಾಣುವ ಮುನ್ನ ವರ್ಷಗಟ್ಟಲೆ ಕುಂಟುತ್ತಿದ್ದಾಗ, ನಟ ಜಾಕ್ ನ್ಯಾನ್ಸ್ ಪಾತ್ರದ ಆ ವಿಚಿತ್ರ ಕೂದಲನ್ನು ಉಳಿಸಿಕೊಂಡೇ ಇದ್ದರು. ಅಂಥ ನಂಬಿಕೆಯನ್ನು ಸಂಬಳ ಕೊಟ್ಟು ಕೊಳ್ಳಲಾಗದು; ಚಿತ್ರ ನಿಂತಾಗ ಕಲಾವಿದರಿಗೆ ನೀವೇ ಕರೆ ಮಾಡಿ ಇದ್ದದ್ದನ್ನು ಇದ್ದಂತೆ ತಿಳಿಸಬೇಕು.

ಇನ್ನು ಸಂಕಲನ. ವರ್ಷ ಕಾದು ತೆಗೆದ ದೃಶ್ಯವೇ ಕೆಲವೊಮ್ಮೆ ಕಥೆಗೆ ಬೇಡವಾಗುತ್ತದೆ, ಮತ್ತು ಪಟ್ಟ ಕಷ್ಟ ಪರದೆಯ ಮೇಲೆ ಕಾಣುವುದಿಲ್ಲ. ಅಂಥ ದೃಶ್ಯವನ್ನು, ಆ ಕಷ್ಟ ಗೊತ್ತಿಲ್ಲದವರೊಬ್ಬರಿಗೆ ತೋರಿಸಿ, ಅವರು ಆಕಳಿಸಿದರೆ ತೆಗೆದುಹಾಕಿ. ಹಾಗೆ ನನ್ನದೊಂದು ದೃಶ್ಯವನ್ನು ತೆಗೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಚಿತ್ರ ಅದರಿಂದ ಉತ್ತಮವಾಯಿತು. ದೃಶ್ಯವನ್ನು ಮಾತ್ರ ಇನ್ನೂ ಅಳಿಸಿಲ್ಲ. ನಮಸ್ಕಾರ.