ಪೆಟ್ಟಿಗೆಗೆ ಕೂರದ ಶ್ರುತಿ, ಕೈತಾಳಕ್ಕೆ ಸಿಗದ ಲಯ

ನಮಸ್ಕಾರ. ಮಾಟುಂಗಾದ ನಮ್ಮ ಪುಟ್ಟ ಕೋಣೆಗೆ ಸ್ವಾಗತ. ನಡುನಡುವೆ ಲೋಕಲ್ ರೈಲು ಕೂಗಿದರೆ ಅದನ್ನೂ ಪಕ್ಕವಾದ್ಯ ಎಂದುಕೊಳ್ಳಿ.

ಡೊಂಬಿವಲಿಯ ವೀಕ್ಷಕರೊಬ್ಬರು ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಾರೆ. ಚೋರ್ ಬಜಾರಿನಲ್ಲಿ ಅವರಿಗೆ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಹಳೆಯ ಎಲ್‌ಪಿ ಸಿಕ್ಕಿತಂತೆ. ಅದರ ಮೊದಲ ಕೃತಿ ‘ಸೋ ವಾಟ್’ ಪೆಟ್ಟಿಗೆಯ ಯಾವ ಮನೆಗೂ ಕೂರುತ್ತಿಲ್ಲ. ಇದೇ ಕೃತಿಯನ್ನು 1964ರಲ್ಲಿ ಸಭಿಕರ ಮುಂದೆ ನುಡಿಸಿದ ಧ್ವನಿಮುದ್ರಣ ಕೂರುತ್ತದೆ, ಆದರೆ ಅದಕ್ಕೆ ತಾಳ ಹಾಕಲು ಹೋದರೆ ಕೈ ಸೋಲುತ್ತದೆ. ‘ಕೆಟ್ಟಿರುವುದು ನನ್ನ ಪೆಟ್ಟಿಗೆಯೋ, ಕಿವಿಯೋ?’ ಎಂದು ಕೇಳಿದ್ದಾರೆ.

ಎರಡೂ ಅಲ್ಲ.

ಮೊದಲು ಬೇಗ ಬೇಗ ಒಂದಿಷ್ಟು ಪೀಠಿಕೆ. ಈ ಕೃತಿಯ ಒಂದು ಆವರ್ತನ ನಾಲ್ಕು ನಾಲ್ಕು ಬಡಿತದ 32 ಬಾರ್, ಅಂದರೆ 128 ಬಡಿತ. ಮೊದಲ 16 ಬಾರ್‌ಗೆ ಷಡ್ಜ, ಅಂದರೆ ಆಧಾರ ಸ್ವರ ‘ಸ’, ಬಿಳಿ ಎರಡು: ಪೆಟ್ಟಿಗೆಯ ಎರಡನೆಯ ಬಿಳಿ ಮನೆ. ಮುಂದಿನ ಎಂಟಕ್ಕೆ ಅದು ಪಕ್ಕದ ಕಪ್ಪು ಎರಡಕ್ಕೆ ಏರಿ, ಕೊನೆಯ ಎಂಟಕ್ಕೆ ಮತ್ತೆ ಬಿಳಿ ಎರಡಕ್ಕೆ ಇಳಿಯುತ್ತದೆ. ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಹಿಂದೂಸ್ತಾನಿಯವರು ಕಾಫಿ ಥಾಟ್ ಎಂದುಕೊಳ್ಳಿ.

(ಪರದೆಯ ಮೇಲೆ: ಹೂವಿನ ಮಾಲೆ)

ಇನ್ನು ನನಗೆ ಇಷ್ಟವಾದ ಭಾಗ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಈ ತಟ್ಟೆಯ ಮೊದಲ ಬದಿಯನ್ನು ಮುದ್ರಿಸುತ್ತಿದ್ದ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದರೆ ಹಾಡೂ ನಿಧಾನವಾಗಬೇಕಲ್ಲವೇ? ಇಲ್ಲ, ತದ್ವಿರುದ್ಧ! ಇಲ್ಲೇ ಕೆಳಗೆ ಹೂ ಕಟ್ಟುವ ಅಕ್ಕನನ್ನು ನೆನೆಸಿಕೊಳ್ಳಿ. ಅವರ ಕೈ ಒಂದೇ ವೇಗದಲ್ಲಿ ಮಲ್ಲಿಗೆ ಪೋಣಿಸುತ್ತಿದೆ. ದಾರ ಮಾತ್ರ ತಡವಾಗಿ ಸರಿಯುತ್ತಿದೆ. ಆಗ ಹೂಗಳು ಒತ್ತೊತ್ತಾಗಿ ಕೂರುತ್ತವೆ, ಮೊಳಕ್ಕೆ ನಾಲ್ಕು ಮೊಗ್ಗು ಹೆಚ್ಚೇ ಬೀಳುತ್ತದೆ. ಗಿರಾಕಿಗೆ ಲಾಭ. ಆದರೆ ಅದೇ ಮಾಲೆಯನ್ನು ನೀವು ಸರಿಯಾದ ವೇಗದಲ್ಲಿ ಕಣ್ಣೆದುರು ಎಳೆದರೆ ಹೂಗಳು ಒಂದರ ಹಿಂದೊಂದು ಬೇಗ ಬೇಗ ಬರುತ್ತವೆ. ಟೇಪಿನಲ್ಲಿ ಹೂವಿನ ಬದಲು ಧ್ವನಿಯ ಅಲೆಗಳು. ಅಲೆ ಬೇಗ ಬಂದರೆ ಲಯವೂ ಓಡುತ್ತದೆ, ಶ್ರುತಿಯೂ ಏರುತ್ತದೆ. ಹಾಗಾಗಿ ಎಲ್‌ಪಿಯ ಶ್ರುತಿ ಬಿಳಿ ಎರಡನ್ನು ದಾಟಿ, ಕಪ್ಪು ಎರಡನ್ನು ಮುಟ್ಟದೆ ನಡುವೆ ನೇತಾಡುತ್ತಿದೆ. ಅಲ್ಲಿ ಹಾರ್ಮೋನಿಯಂಗೆ ಮನೆಯೇ ಇಲ್ಲ. ಅಂದು ಸರಿಯಾದ ವೇಗದಲ್ಲಿ ಓಡಿದ್ದ ಎರಡನೆಯ ಯಂತ್ರವೂ ಇತ್ತು. ಅದರ ಟೇಪ್ ಬಳಸಿ ತಪ್ಪನ್ನು ತಿದ್ದಿದ್ದು 1992ರಲ್ಲಿ. ಮೂವತ್ತು ಚಿಲ್ಲರೆ ವರ್ಷ ಜಗತ್ತು ತಲೆದೂಗಿದ್ದು ಏರಿದ ಶ್ರುತಿಗೆ!

ಇನ್ನು ಲೈವ್. 1964ರ ಫೆಬ್ರವರಿ 12, ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ಹಾಲ್. ನನ್ನ ಮೊಬೈಲ್ ಆ್ಯಪ್ ಇದಕ್ಕೂ ಸ್ಟುಡಿಯೋ ಮುದ್ರಣಕ್ಕೂ ಹೆಚ್ಚುಕಡಿಮೆ ಒಂದೇ ವೇಗ ತೋರಿಸಿತು. ಆ್ಯಪ್ ಒಂದು ಬಿಟ್ಟು ಒಂದು ಬಡಿತ ಎಣಿಸಿತ್ತು, ಅಷ್ಟೇ. ಇಂಥಲ್ಲಿ ನಂಬಬೇಕಾದದ್ದು ಬಾಸ್ ವಾದ್ಯವನ್ನು. ರಾನ್ ಕಾರ್ಟರ್ ಬಡಿತಕ್ಕೊಂದು ಸ್ವರ ಮೀಟುತ್ತಾ ನಡೆಯುತ್ತಾರೆ, ಅದನ್ನೇ ಎಣಿಸಿ. ಸ್ಟುಡಿಯೋದಲ್ಲಿ ನಿಮಿಷಕ್ಕೆ ಸುಮಾರು 136 ಬಡಿತ, ಒಂದು ಆವರ್ತನಕ್ಕೆ ಹತ್ತಿರಹತ್ತಿರ ಒಂದು ನಿಮಿಷ. ಇಲ್ಲಿ ಅದೇ ಆವರ್ತನ ಹೆಚ್ಚೂಕಡಿಮೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬೈಗೆ ಬಂದಾಗ ಯುದ್ಧದ ಸನ್ನಿವೇಶಕ್ಕೆ ಭಾಗವತರು ಏರುಪದ ಎತ್ತಿಕೊಳ್ಳುತ್ತಾರಲ್ಲ, ಅದೇ ಉಸಿರು.

ಡ್ರಮ್ಸ್ ಹಿಂದೆ ಕೂತಿದ್ದ ಟೋನಿ ವಿಲಿಯಮ್ಸ್‌ಗೆ ಆಗ 18 ವರ್ಷ. ಸಿಂಬಲ್ಲನ್ನೇ ಚೆಂಡೆಯಾಗಿಸಿಕೊಂಡ ಹುಡುಗ. ಈ ಓಟಕ್ಕೆ ಅವನೇ ಕಾರಣ ಎಂಬುದು ನನ್ನ ವಾದ, ಜಗಳಕ್ಕೆ ಸಿದ್ಧ.

ಸಮಯ ಮುಗಿಯುತ್ತಿದೆ, ಉಳಿದದ್ದು ಒಟ್ಟಿಗೇ: ಅದೇ ರಾತ್ರಿಯ ನಿಧಾನದ ಕೃತಿಗಳು ಒಂದು ಆಲ್ಬಮ್ಮಿಗೆ ಹೋದವು, ಓಟದವು ‘ಫೋರ್ ಆ್ಯಂಡ್ ಮೋರ್’ ಎಂಬ ಇನ್ನೊಂದಕ್ಕೆ. ಅದನ್ನಷ್ಟೇ ಕೇಳಿದರೆ ಇವರಿಗೆ ಬ್ರೇಕೇ ಇಲ್ಲವೇನೋ ಎನಿಸುತ್ತದೆ. ಪಿಯಾನೋದಲ್ಲಿ ಹರ್ಬಿ ಹ್ಯಾನ್‌ಕಾಕ್, ಅವರ ಬಗ್ಗೆ ಇನ್ನೊಂದು ವಿಡಿಯೋ ಮಾಡುತ್ತೇನೆ.

ಡೊಂಬಿವಲಿಯವರೇ, ಪೆಟ್ಟಿಗೆಯನ್ನು ರಿಪೇರಿಗೆ ಕೊಡಬೇಡಿ. ನಿಮ್ಮ ಟರ್ನ್‌ಟೇಬಲ್ಲಿನಲ್ಲಿ ವೇಗ ಹೊಂದಿಸುವ ಗುಂಡಿ ಇದ್ದರೆ, ಬಿಳಿ ಎರಡನ್ನು ಒತ್ತಿ ಹಿಡಿದು, ಹಾಡು ಬಂದು ಕೂರುವವರೆಗೆ ತುಸು ತಗ್ಗಿಸಿ. ತಟ್ಟೆ ಮಗುಚಿದಾಗ ಗುಂಡಿಯನ್ನು ಮರೆಯದೆ ಮೊದಲಿನಂತೆ ಮಾಡಿ. ಎರಡನೆಯ ಬದಿಯನ್ನು ಮುದ್ರಿಸಿದ್ದು ಏಪ್ರಿಲ್‌ನಲ್ಲಿ, ಅಷ್ಟರಲ್ಲಿ ಯಂತ್ರ ಸರಿಹೋಗಿತ್ತು.