ಪ್ಯಾರಿಸ್ ಇರಲಿ, ಮೊದಲು ಬೊಲೊನ್ಯಾಕ್ಕೆ ಹೋಗಿ

ಎಲ್ಲರಿಗೂ ನಮಸ್ಕಾರ.

ಹೋದ ವಾರ ನಮ್ಮ ದೊಡ್ಡಮ್ಮನ ಮಗ ಫೋನ್ ಮಾಡಿದ್ದ. ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಯುರೋಪಿಗೆ ಹೊರಟಿದ್ದಾರೆ. ಹತ್ತು ದಿನ, ಏಳು ದೇಶ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ, ವೆನಿಸ್, ರೋಮ್ ಅಂತ ಪಟ್ಟಿ ಓದುತ್ತಾ ಹೋದ. ಕೇಳುತ್ತಾ ಕೇಳುತ್ತಾ ನನಗೆ ಸಂಕಟವಾಯಿತು. ಆ ಊರುಗಳು ಚೆನ್ನಾಗಿಲ್ಲ ಅಂತಲ್ಲ. ಆದರೆ ಹೀಗೆ ಹೋದರೆ ಜಾಸ್ತಿ ನೋಡುವುದು ಬಸ್ಸಿನ ಕಿಟಕಿ, ಟಿಕೆಟ್ಟಿನ ಕ್ಯೂ, ಮುಂದೆ ನಿಂತವರ ಬೆನ್ನು. ವೀಸಾಗೆ ಅಷ್ಟೊಂದು ಕಾಗದ ಜೋಡಿಸಿ, ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಖರ್ಚು ಮಾಡಿ, ಆ ಊರಿನವರು ಯಾರೂ ಕಣ್ಣಿಗೇ ಬೀಳದೆ ವಾಪಸ್ ಬರುವುದು ಅಂದರೆ ಬೇಜಾರಲ್ವಾ?

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಯುರೋಪಿನ ನಡುಗಾತ್ರದ ಊರುಗಳಿಗೆ ಹೋಗಿ. ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷ ಜನ ಇರುವ ಊರುಗಳು. ನಡೆದೇ ಸುತ್ತಬಹುದು ಅನ್ನುವುದು ಒಂದು ಅನುಕೂಲ. ನನಗೆ ಅದಕ್ಕಿಂತ ಇಷ್ಟವಾದದ್ದು ಬೇರೆ. ನಮ್ಮ ಊರು ಹೀಗಿರಬೇಕು ಅಂತ ಅಲ್ಲಿನ ಜನ ಕೂತು ತೀರ್ಮಾನ ಮಾಡಿದ್ದು ಈ ಊರುಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ಮೊದಲು ಇಟಲಿಯ ಬೊಲೊನ್ಯಾ. ಮೈಸೂರಿನ ಅರ್ಧದಷ್ಟು ಜನವೂ ಇಲ್ಲ. ಮಿಲಾನಿನಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಫ್ಲಾರೆನ್ಸಿನಿಂದ ನಲವತ್ತು ನಿಮಿಷ. ಜಾಸ್ತಿ ಜನ ಈ ಎರಡೂ ಊರು ನೋಡಿ, ನಡುವೆ ಇರುವ ಬೊಲೊನ್ಯಾದಲ್ಲಿ ಇಳಿಯುವುದೇ ಇಲ್ಲ.

ನಾನು ಇಳಿದಾಗ ಸಂಜೆ, ಜೋರು ಮಳೆ. ನಿಲ್ದಾಣದ ಹೊರಗೋಡೆಯ ಗಡಿಯಾರ ಹತ್ತು ಇಪ್ಪತ್ತೈದು ತೋರಿಸುತ್ತಿತ್ತು. ಅದು ಕೆಟ್ಟಿರಲಿಲ್ಲ. 1980ರ ಆಗಸ್ಟ್ 2ರ ಬೆಳಗ್ಗೆ ಅದೇ ಹೊತ್ತಿಗೆ ಅಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಮರೆಯಬಾರದು ಅಂತ ಗಡಿಯಾರವನ್ನು ಆ ಹೊತ್ತಿಗೇ ನಿಲ್ಲಿಸಿ ಇಟ್ಟಿದ್ದಾರೆ.

ನನ್ನ ಹತ್ತಿರ ಕೊಡೆ ಇರಲಿಲ್ಲ. ಉಳಿದುಕೊಳ್ಳುವ ಜಾಗಕ್ಕೆ ಇಪ್ಪತ್ತು ನಿಮಿಷದ ದಾರಿ. ಎದುರಿನ ರಸ್ತೆ ದಾಟಿ ಪೋರ್ಟಿಕೊ ಕೆಳಗೆ ಬಂದೆ. ಆಮೇಲೆ ಅಡ್ಡರಸ್ತೆ ದಾಟುವಾಗ ಬಿಟ್ಟರೆ ತಲೆಯ ಮೇಲೆ ಹನಿ ಬೀಳಲಿಲ್ಲ.

ನಮ್ಮಲ್ಲಿ ಪೋರ್ಟಿಕೊ ಅಂದರೆ ಮನೆಯ ಮುಂದೆ ಕಾರು ನಿಲ್ಲಿಸುವ ಜಾಗ. ಬೊಲೊನ್ಯಾದಲ್ಲಿ ಅದು ಊರಿನ ಜನ ನಡೆಯುವ ಜಾಗ. ಮನೆಯ ಮೇಲಿನ ಅಂತಸ್ತು ಮುಂದಕ್ಕೆ ಚಾಚಿರುತ್ತದೆ, ಕೆಳಗೆ ಕಂಬ, ಕಮಾನು, ನೆಲಕ್ಕೆ ನುಣುಪಾದ ಕಲ್ಲು. ನಮ್ಮ ಹಳೆ ಮನೆಗಳ ಜಗಲಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಊರುದ್ದ ಎಳೆದ ಹಾಗೆ. ಒಟ್ಟು 62 ಕಿಲೋಮೀಟರ್! 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಇದು ಶುರುವಾದ ಕಥೆ ಚೆನ್ನಾಗಿದೆ. 1088ರಲ್ಲಿ ಹುಟ್ಟಿತು ಅನ್ನುವ ವಿಶ್ವವಿದ್ಯಾಲಯ ಅಲ್ಲಿದೆ. ಎಲ್ಲೆಲ್ಲಿಂದಲೋ ಓದಲು ಹುಡುಗರು ಬಂದರು, ಊರು ತುಂಬಿತು, ಮನೆ ಸಾಲದಾಯಿತು. ಜನ ಮೇಲಿನ ಕೋಣೆಗಳನ್ನು ರಸ್ತೆಯ ಮೇಲಕ್ಕೆ ಚಾಚಿ, ಕೆಳಗೆ ಮರದ ಕಂಬ ಕೊಟ್ಟರು. ಬೇರೆ ಊರುಗಳಲ್ಲಿ ಇದನ್ನು ಒತ್ತುವರಿ ಅಂತ ಕೆಡವಿಸಿದರು. ಬೊಲೊನ್ಯಾದವರು 1288ರಲ್ಲಿ ಕಾನೂನನ್ನೇ ಮಾಡಿದರು. ಹೊಸ ಮನೆ ಕಟ್ಟಿದರೆ ಪೋರ್ಟಿಕೊ ಇರಲೇಬೇಕು. ಕುದುರೆ ಏರಿದವನೂ ಹೋಗುವಷ್ಟು ಎತ್ತರ ಇರಬೇಕು. ಜಾಗ ಮನೆಯವರದ್ದು, ರಿಪೇರಿ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು. ಏಳುನೂರು ವರ್ಷದ ಮೇಲಾಯಿತು, ಇನ್ನೂ ಹಾಗೇ ನಡೆದುಕೊಂಡು ಬಂದಿದೆ. ಸ್ತ್ರಾದ ಮಜ್ಜೊರೆ ಅನ್ನುವ ಬೀದಿಯಲ್ಲಿ ಹದಿಮೂರನೇ ಶತಮಾನದ ಒಂದು ಮನೆಯ ಮರದ ಕಂಬಗಳು ಇವತ್ತಿಗೂ ನಿಂತಿವೆ. ಮುಟ್ಟಿ ನೋಡಿದೆ. ಬಿರುಕುಗಳಲ್ಲಿ ಬೆರಳು ಹೋಗುತ್ತದೆ.

ಮಾರನೇ ದಿನ ಅದೇ ಪೋರ್ಟಿಕೊದಲ್ಲಿ ಒಬ್ಬಳು ಹುಡುಗಿ ತಲೆಗೆ ಎಲೆಯ ಕಿರೀಟ ಇಟ್ಟುಕೊಂಡು ಬರುತ್ತಿದ್ದಳು. ಅವತ್ತು ಅವಳ ಡಿಗ್ರಿ ಮುಗಿದಿತ್ತು. ಹಿಂದೆ ಅಪ್ಪ ಅಮ್ಮ, ಗೆಳತಿಯರು ಜೋರಾಗಿ ಹಾಡುತ್ತಾ ಬರುತ್ತಿದ್ದರು. ಅಂಗಡಿಯವರೂ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಇಂಥದ್ದು ನೋಡಲು ಯಾವ ಟಿಕೆಟ್ಟೂ ಬೇಡ.

ಭಾನುವಾರ ಸಿಕ್ಕಿದರೆ ಸಾನ್ ಲೂಕಾ ಗುಡ್ಡ ಹತ್ತಿ. ಊರಿನ ಅಂಚಿನಿಂದ ಗುಡ್ಡದ ಮೇಲಿನ ಮೇರಿಯಮ್ಮನ ಗುಡಿಯವರೆಗೆ ಸುಮಾರು ನಾಲ್ಕು ಕಿಲೋಮೀಟರ್ ಪೋರ್ಟಿಕೊ, 666 ಕಮಾನು. ದೇವಿಯ ಮೆರವಣಿಗೆ ಮಳೆಯಲ್ಲಿ ನೆನೆಯಬಾರದು ಅಂತ 1674ರಲ್ಲಿ ಕಟ್ಟಲು ಶುರು ಮಾಡಿದ್ದು. ಈಗ ಅಜ್ಜಂದಿರು, ಬಾಣಂತಿಯರು, ಓಡುವ ಹುಡುಗರು ಎಲ್ಲರೂ ಹತ್ತುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿನ ಟೊರ್ಟೆಲ್ಲೀನಿ ಅನ್ನುವ ಪಾಸ್ತಾ ಒಳಗೆ ಹಂದಿ ಮಾಂಸ ಇರುತ್ತದೆ. ಟೊರ್ಟೆಲ್ಲೋನಿ ಅಂತ ಕೇಳಿ. ಅದು ಗಾತ್ರದಲ್ಲಿ ದೊಡ್ಡದು, ಒಳಗೆ ರಿಕೋಟಾ ಚೀಸ್, ಮೇಲೆ ಬೆಣ್ಣೆ ಮತ್ತು ಸೇಜ್ ಎಲೆ. ನಮ್ಮ ಕಡುಬಿನ ಹಾಗೆ ಮಡಿಚಿರುತ್ತಾರೆ. ಆದರೆ ಮೇಲೆ ತುರಿದು ಹಾಕುವ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಅದನ್ನು ಬೇಡ ಅನ್ನಿ.

ಇನ್ನು ಸ್ವಿಟ್ಜರ್ಲೆಂಡಿನ ಬಾಸೆಲ್. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ನಮ್ಮಜ್ಜಿಯ ಮನೆ ಕರಾವಳಿಯಲ್ಲಿ. ಮಾಡಿನಿಂದ ಇಳಿಸಿದ ಹಳೆ ಹಂಚು ಬಾವಿಕಟ್ಟೆಯ ಹತ್ತಿರ ಪೇರಿಸಿಟ್ಟಿದ್ದರು. ಅದರ ಮೇಲೆ ಬಾಸೆಲ್ ಮಿಶನ್ ಅಂತ ಉಬ್ಬಿದ ಅಕ್ಷರ. ಇಂಗ್ಲಿಷ್ ಅಕ್ಷರಗಳನ್ನು ನಾನು ಕೂಡಿಸಿ ಓದಲು ಕಲಿತದ್ದೇ ಆ ಹಂಚಿನ ಮೇಲೆ. ಆ ಬಾಸೆಲ್ ಈ ಊರು. 1815ರಲ್ಲಿ ಇಲ್ಲಿ ಶುರುವಾದ ಕ್ರೈಸ್ತ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರತಂದ ಮೋಗ್ಲಿಂಗ್ ಈ ಮಿಶನ್ನಿನವರು. 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ತರಬೇತಿ ಪಡೆದದ್ದೂ ಇಲ್ಲೇ. ಮಿಶನ್ ಮನೆ ಇರುವ ರಸ್ತೆಗೆ ಇವತ್ತೂ ಮಿಶನ್ ರಸ್ತೆ ಅಂತಲೇ ಹೆಸರು. ಆ ಫಲಕದ ಕೆಳಗೆ ನಿಂತು ನಾನು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ.

ಈಗ ಎರಡು ಲಕ್ಷ ಜನವೂ ಇಲ್ಲದ ಈ ಊರು 1967ರಲ್ಲಿ ಒಂದು ಕೆಲಸ ಮಾಡಿತು. ಅಲ್ಲಿನ ಕಲಾ ಮ್ಯೂಸಿಯಮ್ಮಿನಲ್ಲಿ ಪಿಕಾಸೊನ ಎರಡು ಚಿತ್ರ ಇದ್ದವು. ಚಿತ್ರ ಮ್ಯೂಸಿಯಮ್ಮಿನದ್ದಲ್ಲ, ಒಂದು ಕುಟುಂಬ ಇಡಲು ಕೊಟ್ಟದ್ದು. ಪಾಲು ಹಾಕಿದ್ದ ಕಂಪನಿಯ ವಿಮಾನ ಅಪಘಾತವಾಗಿ ಆ ಕುಟುಂಬ ಸಾಲಕ್ಕೆ ಬಿತ್ತು, ಚಿತ್ರ ಮಾರಾಟಕ್ಕೆ ಬಂತು. ಬೆಲೆ 84 ಲಕ್ಷ ಫ್ರಾಂಕ್. 60 ಲಕ್ಷ ಸರ್ಕಾರ ಕೊಡಬಹುದು, ಆದರೆ ಜನ ಓಟು ಹಾಕಿ ಒಪ್ಪಬೇಕು. ಉಳಿದದ್ದಕ್ಕೆ ಊರಿಗೆ ಊರೇ ಬೀದಿಗಿಳಿಯಿತು. ಬೂಟು ಪಾಲಿಶ್ ಮಾಡಿದರು, ತಿಂಡಿ ಮಾರಿದರು, ಡಬ್ಬಿ ಹಿಡಿದು ಬೇಡಿದರು. ಡಿಸೆಂಬರಿನಲ್ಲಿ ಓಟು. 32 ಸಾವಿರ ಜನ ಬೇಕು ಅಂದರು, 27 ಸಾವಿರ ಜನ ಬೇಡ ಅಂದರು. ವಿಷಯ ತಿಳಿದ ಪಿಕಾಸೊ ಮ್ಯೂಸಿಯಂ ನಿರ್ದೇಶಕರನ್ನು ಕರೆಸಿ, ಇನ್ನೂ ನಾಲ್ಕು ಚಿತ್ರ ಸುಮ್ನೆ ಕೊಟ್ಟ! ಆ ಚಿತ್ರಗಳ ಮುಂದೆ ನಿಂತಾಗ ನನಗೆ ಪಿಕಾಸೊಗಿಂತ ಬೂಟು ಪಾಲಿಶ್ ಮಾಡಿದ ಹುಡುಗರೇ ಕಣ್ಣ ಮುಂದೆ ಬಂದರು.

ಬೇಸಿಗೆಯ ಸಂಜೆ ರೈನ್ ನದಿಯ ದಂಡೆಗೆ ಹೋಗಿ. ಆಫೀಸು ಮುಗಿಸಿ ಬಂದವರು ಬಟ್ಟೆ, ಮೊಬೈಲು, ಚಪ್ಪಲಿ ಎಲ್ಲವನ್ನೂ ಮೀನಿನ ಆಕಾರದ ಚೀಲಕ್ಕೆ ಹಾಕುತ್ತಾರೆ. ಬಾಯಿ ಏಳು ಸುತ್ತು ಸುತ್ತಿ ಕಟ್ಟಿ, ಅದನ್ನು ತಬ್ಬಿಕೊಂಡು ನೀರಿಗಿಳಿದು ತೇಲುತ್ತಾ ಹೋಗುತ್ತಾರೆ. ನದಿ ದಾಟುವ ದೋಣಿಗಳಿಗೆ ಮೋಟಾರಿಲ್ಲ. ಮೇಲೆ ತಂತಿಗೆ ಕಟ್ಟಿರುತ್ತದೆ, ನೀರಿನ ಸೆಳೆತವೇ ದಡ ಮುಟ್ಟಿಸುತ್ತದೆ. ಊರು ದುಬಾರಿ, ಅದು ನಿಜ. ಆದರೆ ಹೋಟೆಲ್ಲಿನಲ್ಲಿ ಉಳಿದರೆ ಟ್ರಾಮು, ಬಸ್ಸಿಗೆ ಉಚಿತ ಕಾರ್ಡ್ ಕೊಡುತ್ತಾರೆ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಸ್ಲೊವೇನಿಯಾದ ಲ್ಯೂಬ್ಲ್ಯಾನ ಒಳ್ಳೆಯದು. 2007ರಿಂದ ಊರ ನಡುವೆ ಕಾರುಗಳ ಓಡಾಟವನ್ನು ನಿಲ್ಲಿಸುತ್ತಾ ಬಂದಿದ್ದಾರೆ. ನಡೆಯಲಾಗದವರಿಗೆ ಪುಟ್ಟ ಕರೆಂಟಿನ ಗಾಡಿ, ಅದೂ ಉಚಿತ.

ಬೆಲ್ಜಿಯಮ್ಮಿನ ಗೆಂಟ್ ಬಗ್ಗೆ ಹೇಳದೆ ಹೋದರೆ ಮನಸ್ಸು ಒಪ್ಪುವುದಿಲ್ಲ. ವ್ಯಾನ್ ಐಕ್ ಸಹೋದರರು ಬರೆದ 1432ರ ಚಿತ್ರ ಅಲ್ಲಿನ ಚರ್ಚಿನಲ್ಲಿದೆ, ಊರ ನಡುವೆಯೇ ಕೋಟೆ ಇದೆ. ಎರಡನ್ನೂ ನೋಡಿ. ಸಂಜೆ ಮಾತ್ರ ಕೋಟೆಯ ಎದುರಿನ ಚೌಕದಲ್ಲಿ ಕೂತುಕೊಳ್ಳಿ. ಅಲ್ಲಿನ ಬೀದಿದೀಪಗಳಿಗೆ ಹೆರಿಗೆ ಆಸ್ಪತ್ರೆಗಳಿಂದ ಸಂಪರ್ಕ ಕೊಟ್ಟಿದ್ದಾರೆ. ಊರಿನಲ್ಲಿ ಮಗು ಹುಟ್ಟಿದಾಗ ಹೆತ್ತವರು ಒಂದು ಗುಂಡಿ ಒತ್ತುತ್ತಾರೆ, ಇಲ್ಲಿ ದೀಪ ಮಿನುಗುತ್ತದೆ. ನಾನು ಒಂದು ಪೊಟ್ಟಣ ಆಲೂಗಡ್ಡೆ ಫ್ರೈಸ್ ಹಿಡಿದು ಒಂದೂವರೆ ಗಂಟೆ ಕಾದೆ. ಫ್ರೈಸ್ ಮುಗಿದು ಎಷ್ಟೋ ಹೊತ್ತಾಗಿತ್ತು. ದೀಪ ಮೆಲ್ಲನೆ ಮಿನುಗಿತು. ಪಕ್ಕದ ಬೆಂಚಿನ ಅಜ್ಜಿ ಮಾತು ನಿಲ್ಲಿಸಿ, ಮೇಲೆ ನೋಡಿ, ನನ್ನ ಕಡೆ ತಿರುಗಿ ನಕ್ಕರು.