ನೀರಿನ ಬಿಲ್ ಜಾಸ್ತಿ ಬಂತಾ? ಮೊದಲು ಮೀಟರ್ ಮುಚ್ಚಳ ತೆಗೆಯಿರಿ

ನಮಸ್ಕಾರ. ಮಡಿಕೇರಿ ಆಗಲಿ, ವಿರಾಜಪೇಟೆ ಆಗಲಿ, ನೀರಿನ ಬಿಲ್ ಇದ್ದಕ್ಕಿದ್ದಂತೆ ಎರಡು ಪಟ್ಟು, ಮೂರು ಪಟ್ಟು ಬಂದಾಗ ಜನ ಬಿಲ್ ತಂದವರ ಮೇಲೆ ರೇಗ್ತಾರೆ, ಇಲ್ಲಾ ಗೊಣಗಿಕೊಂಡು ಕಟ್ಟಿಬಿಡ್ತಾರೆ. ಎರಡೂ ತಪ್ಪು. ಅದರಲ್ಲೂ ಮಳೆಗಾಲದಲ್ಲಿ ಏರಿದ ಬಿಲ್ಲನ್ನು ಕಾರಣ ತಿಳಿಯದೆ ಕಟ್ಟಿ ಸುಮ್ಮನಾಗಲೇಬಾರದು.

ಯಾಕೆ ಅಂದರೆ, ಬಯಲುಸೀಮೆಯಲ್ಲಿ ಪೈಪ್ ಒಡೆದರೆ ಅಂಗಳದಲ್ಲಿ ಒದ್ದೆ ಕಾಣುತ್ತೆ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಒಣಗೋದೇ ಇಲ್ಲ. ಸೋರಿದ ನೀರು ಮಳೆನೀರಿನ ಜೊತೆಗೇ ಇಳಿದು ಚರಂಡಿ ಸೇರುತ್ತೆ. ಪೈಪ್ ಒಡೆದ ಸುದ್ದಿ ಹೇಳೋದು ಬಿಲ್ ಒಂದೇ.

ಬಿಲ್ಲಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎಷ್ಟು ತಿಂಗಳದ್ದು, ಹಳೇ ಬಾಕಿ ಎಷ್ಟು, ಮೀಟರ್ ನಂಬರ್ ನಿಮ್ಮದೇನಾ, ಇಷ್ಟನ್ನೂ ನೋಡಿ. ಮನೆಗೆ ಬೀಗ ಇದ್ದ ತಿಂಗಳುಗಳಿಗೆ ಸರಾಸರಿ ಹಾಕಿ, ಆಮೇಲೆ ವ್ಯತ್ಯಾಸವನ್ನೆಲ್ಲ ಒಟ್ಟಿಗೆ ಸೇರಿಸೋದುಂಟು. ಹೋಂಸ್ಟೇ ನಡೆಸುವವರು ದರ ಗೃಹಬಳಕೆಯದ್ದೋ ವಾಣಿಜ್ಯದ್ದೋ ನೋಡಿಕೊಳ್ಳಿ. ಮೀಟರಿನ ಕಪ್ಪು ಅಂಕಿ ಕಿಲೋಲೀಟರ್, ಅಂದರೆ ಸಾವಿರ ಲೀಟರ್. ಕೆಂಪು ಅದಕ್ಕಿಂತ ಚಿಕ್ಕ ಲೆಕ್ಕ. ಕೆಂಪನ್ನೂ ಸೇರಿಸಿ ಓದಿದರೆ ಲೆಕ್ಕವೆಲ್ಲ ಕೆಟ್ಟಿತು. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೂ ನಾಲ್ವರ ಮನೆಗೆ ತಿಂಗಳಿಗೆ ಸುಮಾರು 16 ಕಿಲೋಲೀಟರ್. 30 ದಾಟಿದ್ದರೆ ಹುಡುಕಲೇಬೇಕು.

ಹುಡುಕೋದನ್ನು ನೀರು ಬಿಡುವ ಹೊತ್ತಲ್ಲೇ ಮಾಡಿ. ಉಳಿದ ಹೊತ್ತಲ್ಲಿ ಮೀಟರ್ ತಿರುಗೋದೇ ಇಲ್ಲ, ಏನೂ ಗೊತ್ತಾಗಲ್ಲ. ಮೀಟರ್ ಆದಮೇಲಿನ ನಲ್ಲಿ ಎಲ್ಲ ನಿಲ್ಲಿಸಿ, ಸಂಪಿನ ಬಾಲ್ ವಾಲ್ವನ್ನು (ಸಂಪು ತುಂಬಿದಾಗ ತೇಲುವ ಚೆಂಡಿನಿಂದ ನೀರು ನಿಲ್ಲಿಸುವ ವಾಲ್ವ್) ಹಗ್ಗದಿಂದ ಮೇಲಕ್ಕೆ ಕಟ್ಟಿ. ಮೀಟರ್ ಗಾಜಿನೊಳಗೆ ಚಿಕ್ಕ ಹಲ್ಲುಚಕ್ರ ಇರುತ್ತೆ, ಅದನ್ನೇ ಐದು ನಿಮಿಷ ನೋಡಿ. ತಿರುಗುತ್ತಿದ್ದರೆ ಮೀಟರಿಂದ ಸಂಪಿನ ನಡುವೆ ಪೈಪ್ ಸೋರ್ತಾ ಇದೆ. ನಿಂತಿದ್ದರೆ ಹಗ್ಗ ಬಿಚ್ಚಿ, ಸಂಪು ತುಂಬಲಿ. ತುಂಬಿ ಬಾಲ್ ಪೂರ್ತಿ ಎದ್ದಮೇಲೂ ಚಕ್ರ ತಿರುಗಿದರೆ ಬಾಲ್ ವಾಲ್ವ್ ಹಿಡಿಯುತ್ತಿಲ್ಲ.

ಇಳಿಜಾರಿನ ಮನೆಗಳಲ್ಲಿ ಇದು ಬೇಗ ಕೆಡೋದಕ್ಕೆ ಕಾರಣ ಇದೆ. ರಸ್ತೆ ಮೇಲೆ, ಮನೆ ಕೆಳಗೆ. ಹತ್ತು ಮೀಟರ್ ಇಳಿದರೆ ಪ್ರೆಶರ್ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಏರುತ್ತೆ, ವಾಷರ್ ತಡೆಯಲ್ಲ. ಗೇಟ್ ವಾಲ್ವನ್ನು ಅರ್ಧ ತಿರುಗಿಸಿಟ್ಟರೆ ಸಾಕು ಅಂತಾರೆ. ಸಾಲಲ್ಲ, ನೀರು ಹರಿಯುವಾಗ ಮಾತ್ರ ಅದು ಕೆಲಸ ಮಾಡುತ್ತೆ, ಬಾಲ್ ಮುಚ್ಚಿ ನೀರು ನಿಂತಾಗ ಪೂರ್ತಿ ಪ್ರೆಶರ್ ವಾಷರ್ ಮೇಲೇ ಬೀಳುತ್ತೆ. ಹಿತ್ತಾಳೆ ಬಾಲ್ ವಾಲ್ವ್ ಹಾಕಿ, ತೀರಾ ತಗ್ಗಿನ ಮನೆಯಾದರೆ ಅದಕ್ಕೆ ಮೊದಲು ಪ್ರೆಶರ್ ತಗ್ಗಿಸುವ ಪ್ರೆಶರ್ ರೆಡ್ಯೂಸಿಂಗ್ ವಾಲ್ವ್ ಕೂರಿಸಿ.

ಇನ್ನು ಜಿಐ ಪೈಪ್, ಅಂದರೆ ಸತುವಿನ ಲೇಪ ಇರುವ ಕಬ್ಬಿಣದ ಪೈಪ್. ತೋಟಕ್ಕೆ ಸುಣ್ಣ ಹಾಕೋದು ಯಾಕೆ ಅಂತ ಎಲ್ಲರಿಗೂ ಗೊತ್ತು. ಅದೇ ಹುಳಿ ಮಣ್ಣು ಪೈಪನ್ನೂ ತಿನ್ನುತ್ತೆ, ಎಲ್ಲಕ್ಕಿಂತ ಮೊದಲು ಥ್ರೆಡ್ ಇರುವ ಜಾಯಿಂಟನ್ನ. ತೇಪೆ ಹಾಕಬೇಡಿ. ಮಧ್ಯೆ ಜಾಯಿಂಟ್ ಇಲ್ಲದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಎಳೆಸಿ. ಮನೆ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಲ್ಲಿ ಲೈನ್ ಇದ್ದರಂತೂ ಒಂದು ದಿನವೂ ತಡ ಮಾಡಬೇಡಿ. ಮಳೆಯಿಂದ ನೆನೆದ ಬರೆಗೆ ಪೈಪಿನ ನೀರೂ ಸೇರಿದರೆ ಏನಾಗಬಹುದು ಅಂತ 2018ರ ಆಗಸ್ಟ್‌ನ ಭೂಕುಸಿತ ನೋಡಿದ ಊರಿಗೆ ಹೇಳಬೇಕಿಲ್ಲ. ಅಲ್ಲಿ ದುಡ್ಡಿನ ಮಾತೇ ಬರಲ್ಲ.

ಮನೆಯೊಳಗೆ ಮುಖ್ಯ ಅಪರಾಧಿ ಫ್ಲಶ್ ಟ್ಯಾಂಕ್. ಅದರ ನೀರಿಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಬದಲಿಸಿ. ಹತ್ತು ನಿಮಿಷಕ್ಕೆ ಒಂದು ಲೀಟರ್ ಸೋರಿದರೂ ತಿಂಗಳಿಗೆ 4,320 ಲೀಟರ್. ಸಂಪು ಬಿರುಕು ಬಿಟ್ಟಿದೆಯಾ ಅಂತ ತಿಳಿಯೋಕೆ ರಾತ್ರಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಮೋಟಾರ್ ಹಾಕದೆ ಬೆಳಗ್ಗೆ ನೋಡಿ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಸಂಪಲ್ಲಿ ಒಂದು ಸೆಂಟಿಮೀಟರ್ ಇಳಿದರೆ 30 ಲೀಟರ್ ಹೋಯ್ತು ಅಂತ ಅರ್ಥ.

ಗಾಳಿಗೆ ಮೀಟರ್ ತಿರುಗುತ್ತೆ ಅನ್ನೋದು ಸುಳ್ಳಲ್ಲ. ಆದರೆ ಬಾಯಲ್ಲಿ ಹೇಳಿದರೆ ಯಾರೂ ಒಪ್ಪಲ್ಲ. ನೀರು ಬರುವ ಮೊದಲು ಒಂದು ರೀಡಿಂಗ್, ಬುಸುಗುಟ್ಟೋದು ನಿಂತು ನೀರು ಸಮವಾಗಿ ಬಂದಾಗ ಒಂದು ರೀಡಿಂಗ್ ಬರೆದಿಡಿ, ಗಾಳಿಗೆ ತಿರುಗಿದ್ದು ಈ ಎರಡರ ನಡುವೆ ಕಾಣುತ್ತೆ. ಆಮೇಲೆ 20 ಲೀಟರ್ ಕ್ಯಾನನ್ನು ಐದು ಸಲ ತುಂಬಿಸಿ. ಅಷ್ಟರಲ್ಲಿ ಮೀಟರಿನ ಕೆಂಪು ಲೆಕ್ಕ 100 ಲೀಟರ್ ಮುಂದೆ ಹೋಗಿರಬೇಕು. 105 ದಾಟಿದರೆ ಮೀಟರ್ ಪರೀಕ್ಷೆ ಮಾಡಿಸಿ ಅಂತ ಬರೆದು ಕೇಳಿ.

ಅರ್ಜಿ ನಗರಸಭೆಯಲ್ಲಾದರೆ ಪೌರಾಯುಕ್ತರಿಗೆ, ಗ್ರಾಮ ಪಂಚಾಯಿತಿಯಲ್ಲಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ. ತಾರೀಕು ಕಾಣುವ ಮೀಟರ್ ಫೋಟೋ, ಹಳೇ ಬಿಲ್ಲುಗಳು, ಪ್ಲಂಬರ್ ರಶೀದಿ, ರಿಪೇರಿ ಆದ ನಂತರದ ಒಂದು ವಾರದ ರೀಡಿಂಗ್ ಜೊತೆಗಿಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ತೀರ್ಮಾನ ಆಗುವವರೆಗೆ ಎಂದಿನ ಸರಾಸರಿ ಮೊತ್ತ ಕಟ್ಟಿಸಿಕೊಳ್ಳಿ, ಉಳಿದದ್ದಕ್ಕೆ ಕಂತು ಕೊಡಿ ಅಂತ ಅದೇ ಅರ್ಜಿಯಲ್ಲೇ ಬರೆಯಿರಿ.